ಬ್ರೂಸ್ ಲೀ ಹೇಗೆ ಸತ್ತ? ಕೊನೇ ಸಲ ಹೇಳ್ತಿದ್ದೇನೆ

ಮೊದಲು ಉತ್ತರ ಹೇಳಿಬಿಡ್ತೇನೆ. ಜಗಳ ಆಮೇಲೆ.

1973ರ ಜುಲೈ 20. ಹಾಂಗ್‌ಕಾಂಗ್‌ನ ಕೌಲೂನ್ ಟಾಂಗ್‌ನಲ್ಲಿ ನಟಿ ಬೆಟ್ಟಿ ಟಿಂಗ್ ಪೇ ಅವರ ಮನೆ. ಮುಂದಿನ ಸಿನಿಮಾದ ಮಾತುಕತೆಗೆ ಅಂತ ಹೋಗಿದ್ದ. ಸಂಜೆ ತಲೆನೋವು ಅಂದ. ಆಕೆ ತಮ್ಮ ಹತ್ತಿರ ಇದ್ದ ಈಕ್ವಾಜೆಸಿಕ್ ಅನ್ನುವ ನೋವಿನ ಮಾತ್ರೆ ಕೊಟ್ಟರು. ಮಲಗಿದ. ಏಳಲಿಲ್ಲ. ಕ್ವೀನ್ ಎಲಿಜಬೆತ್ ಆಸ್ಪತ್ರೆಗೆ ಒಯ್ದರೂ ಪ್ರಯೋಜನ ಆಗಲಿಲ್ಲ. ಪೋಸ್ಟ್‌ಮಾರ್ಟಂನಲ್ಲಿ ಕಂಡಿದ್ದು ಮಿದುಳಿನ ಬಾವು. ಸುಮಾರು 1,400 ಗ್ರಾಂ ಇರಬೇಕಾದ ಮಿದುಳು 1,575 ಗ್ರಾಂ ತೂಗಿತ್ತು. ಎರಡು ತಿಂಗಳ ಹಿಂದೆ, ಮೇ 10ರಂದು, ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡುವಾಗಲೂ ಹೀಗೇ ಕುಸಿದುಬಿದ್ದಿದ್ದ. ಆಗ ಉಳಿದುಕೊಂಡಿದ್ದ. ಈ ಸಲ ಉಳಿಯಲಿಲ್ಲ. ವಿಚಾರಣೆ ನಡೆಯಿತು, ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು: ಆಕಸ್ಮಿಕ ಸಾವು. ವಯಸ್ಸು 32.

ಇಷ್ಟೇ. ಇದಕ್ಕಿಂತ ಜಾಸ್ತಿ ನನಗೆ ಗೊತ್ತಿಲ್ಲ, ನಿಮ್ಮ ಷಡ್ಡಕನಿಗೂ ಗೊತ್ತಿಲ್ಲ.

ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ, ನಾನು ದಾವಣಗೆರೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕರಾಟೆ ಹೇಳಿಕೊಡುತ್ತೇನೆ. ಬಾಡಿಗೆ ಹಾಲ್, ಸಿಮೆಂಟ್ ನೆಲ, ಒಂದು ಟ್ಯೂಬ್‌ಲೈಟು. ಗೋಡೆ ಮೇಲೆ ಅವನ ಫೋಟೋ. ಎದೆ ಮೇಲೆ ಮೂರು ಗೀರು, ಕೆನ್ನೆ ಮೇಲೆ ಗೀರು, ಅದೇ ಫೋಟೋ. ಮಗುವನ್ನು ಸೇರಿಸಲು ಬರುವ ಅಪ್ಪ ಮೊದಲು ಫೋಟೋ ನೋಡುತ್ತಾರೆ. ಆಮೇಲೆ ನನ್ನನ್ನು ನೋಡುತ್ತಾರೆ. ಸ್ವಲ್ಪ ನಿರಾಸೆ ಆಗುತ್ತೆ, ಅದು ಸಹಜ. ಆಮೇಲೆ ಬರುತ್ತೆ ಪ್ರಶ್ನೆ: "ಅಲ್ಲ ಮಾಸ್ಟ್ರೇ, ಇವನು ಸತ್ತಿದ್ದು ಹೆಂಗೆ?"

ಉತ್ತರ ಬೇಕು ಅಂತ ಯಾರೂ ಕೇಳುವುದಿಲ್ಲ. ಅವರ ಹತ್ತಿರ ಆಗಲೇ ಒಂದು ಉತ್ತರ ಇರುತ್ತೆ. ನಾನು ಹೌದು ಅನ್ನಬೇಕು, ಅಷ್ಟೇ. ಒಬ್ಬರಿಗೆ ಅದು ಸ್ಲೋ ಪಾಯ್ಸನ್. ಇನ್ನೊಬ್ಬರಿಗೆ ಮರ್ಮದ ಏಟು, ಹೊಡೆದು ತಿಂಗಳಾದ ಮೇಲೆ ಕೆಲಸ ಮಾಡುವಂಥದ್ದು. ಹಾಂಗ್‌ಕಾಂಗ್ ರೌಡಿಗಳು. ಹುಡುಗಿ. ಗಾಂಜಾ. ಮೈಗೆ ಕರೆಂಟ್ ಕೊಟ್ಟುಕೊಳ್ತಿದ್ದ ಅನ್ನುವವರೂ ಇದ್ದಾರೆ. ಅವರಿಗೆ ಅರ್ಧ ಅಂಕ ಕೊಡುತ್ತೇನೆ. ಸ್ನಾಯುಗಳಿಗೆ ಸಣ್ಣ ಪ್ರಮಾಣದಲ್ಲಿ ವಿದ್ಯುತ್ ಹಾಯಿಸುವ ಯಂತ್ರ ಅವನ ಹತ್ತಿರ ನಿಜವಾಗಿ ಇತ್ತು. ಅಂಥದ್ದೇ ಯಂತ್ರ ಈಗ ಪ್ರತಿ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿದೆ, ನಿಮ್ಮ ಅತ್ತೆಯವರ ಮಂಡಿಗೂ ಅದನ್ನೇ ಇಟ್ಟಿರುತ್ತಾರೆ. ಅತ್ತೆ ಚೆನ್ನಾಗಿದ್ದಾರೆ ತಾನೇ?

ಶಾಪದ ಕಥೆಯಂತೂ ಬಲು ಜನಪ್ರಿಯ. ಅವನ ಮಗ ಬ್ರ್ಯಾಂಡನ್ ಕೂಡ 1993ರಲ್ಲಿ, 28ನೇ ವಯಸ್ಸಿಗೆ, ಶೂಟಿಂಗ್ ಮಾಡುವಾಗಲೇ ಸತ್ತ, ಹಾಗಾಗಿ ವಂಶಕ್ಕೇ ಶಾಪ ಅಂತ ಲೆಕ್ಕ. ಸೆಟ್‌ನಲ್ಲಿ ಬಂದೂಕನ್ನು ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ, ನಳಿಕೆಯೊಳಗೆ ಗುಂಡಿನ ಚೂರು ಉಳಿದಿತ್ತು. ಅದಕ್ಕೆ ಶಾಪದ ಅವಶ್ಯಕತೆ ಏನೂ ಇರಲಿಲ್ಲ.

ಹೊಸ ಹೊಸ ಕಾರಣಗಳೂ ಬರುತ್ತಲೇ ಇರುತ್ತವೆ. 2018ರಲ್ಲಿ ಅವನ ಬಗ್ಗೆ ದಪ್ಪ ಪುಸ್ತಕ ಬರೆದವರೊಬ್ಬರು ಸೆಖೆಯ ಹೊಡೆತ ಅಂದರು. 2022ರಲ್ಲಿ ಸ್ಪೇನಿನ ಕಿಡ್ನಿ ಡಾಕ್ಟರುಗಳು ನೀರು ಜಾಸ್ತಿಯಾಗಿ ರಕ್ತದಲ್ಲಿ ಸೋಡಿಯಂ ಇಳಿದಿರಬಹುದು ಅಂದರು. ಆ ವಾರ ನನ್ನ ವಾಟ್ಸಾಪ್ ನೋಡಬೇಕಿತ್ತು. ನೀರಿನಂತಿರು ಅಂತ ಹೇಳಿದವನು ನೀರಿನಿಂದಲೇ ಸತ್ತ ಅಂತ ಎಲ್ಲರಿಗೂ ಖುಷಿಯೋ ಖುಷಿ. ಆ ಡಾಕ್ಟರುಗಳು "ಇರಬಹುದು" ಅಂದಿದ್ದರು. ಫಾರ್ವರ್ಡ್ ಆಗುತ್ತಾ ಆಗುತ್ತಾ "ಇರಬಹುದು" ಉದುರಿಹೋಗಿತ್ತು.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವ ಧಾಟಿಗೆ. "ಅಷ್ಟೆಲ್ಲ ಕಸರತ್ತು ಮಾಡಿದ, ಒಂದು ಮಾತ್ರೆಗೆ ಹೋದ. ಏನು ಬಂತು?" ಈ "ಏನು ಬಂತು" ಹೇಳುವಾಗ ಮುಖದಲ್ಲಿ ಒಂದು ಸಮಾಧಾನ ಇರುತ್ತೆ ನೋಡಿ. ಅಂಗೈಯಗಲದ ಬೊಜ್ಜು ಇಟ್ಟುಕೊಂಡು ಸೋಫಾದಲ್ಲಿ ಕೂತಿದ್ದು ವ್ಯರ್ಥ ಆಗಲಿಲ್ಲ ಅನ್ನುವ ಸಮಾಧಾನ.

2021ರ ಅಕ್ಟೋಬರ್ 29ರ ನಂತರ ಇದು ಇನ್ನೂ ಜಾಸ್ತಿಯಾಯಿತು. ಅಪ್ಪು ಹೋದ ದಿನ. ನಮಗೆ ಯಾರಿಗೂ ಅದನ್ನು ನಂಬೋಕಾಗಲಿಲ್ಲ, ನನಗೂ ಆಗಲಿಲ್ಲ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತೋರಿಸಿಕೊಳ್ಳಲು ಜನ ಸಾಲುಗಟ್ಟಿ ನಿಂತರು. ಅದು ಭಯ, ಅರ್ಥವಾಗುತ್ತೆ. ಆಗ ಇಬ್ಬರು ತಾಯಂದಿರು ಮಕ್ಕಳನ್ನು ಕ್ಲಾಸಿನಿಂದ ಬಿಡಿಸಿದರು. ನಾನು ಏನೂ ಅನ್ನಲಿಲ್ಲ. ಆದರೆ ಭಯ ಇಳಿದ ಮೇಲೂ ಮಾತು ಉಳಿದುಕೊಂಡಿತು. "ಬ್ರೂಸ್ ಲೀನೂ ಹಂಗೇ ಅಲ್ವಾ ಮಾಸ್ಟ್ರೇ?" ಅಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲ. ಹೇಳಿದರೂ ತಲೆ ಆಡಿಸುತ್ತಾರೆ, ಕೇಳಿಸಿಕೊಳ್ಳುವುದಿಲ್ಲ.

ಈ ಬರಹಕ್ಕೆ ಕಾರಣವಾದದ್ದು ಒಂದು ಮದುವೆ ಊಟ. ಹೆಂಡತಿ ಕಡೆಯ ಸಂಬಂಧ. ಪಂಕ್ತಿಯಲ್ಲಿ ನನ್ನ ಪಕ್ಕ ರಿಟೈರ್ಡ್ ಹಿರಿಯರೊಬ್ಬರು ಕೂತಿದ್ದರು. ಎಲೆ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಂದಿತ್ತು. ಯಾರೋ ಪರಿಚಯ ಮಾಡಿಸಿದರು, "ಇವರು ಕರಾಟೆ ಮಾಸ್ಟ್ರು." ಹಿರಿಯರು ಕೈಯಲ್ಲಿದ್ದ ಕೋಸಂಬರಿ ಎಲೆಗೆ ಬಿಟ್ಟು ಕೇಳಿಯೇಬಿಟ್ಟರು. ನಾನು ಮಿದುಳಿನ ಬಾವು ಅಂದೆ. "ಬಾವು ಸರಿ, ಬಾವು ಬರಿಸಿದ್ದು ಯಾರು?" ಅಂದರು. ಎದುರು ಸಾಲಿನವರು ಕಿವಿ ಕೊಟ್ಟರು. ಚಿತ್ರಾನ್ನ ಬರುವ ಹೊತ್ತಿಗೆ ಅದು ರೌಡಿಗಳ ಕೆಲಸ ಅಂತ ತೀರ್ಮಾನವಾಗಿತ್ತು. ಹೋಳಿಗೆ ಹಾಕುತ್ತಿದ್ದ ಹುಡುಗ ತುಪ್ಪದ ಮಿಳ್ಳೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ. "ಇಲ್ಲ ಸಾರ್, ಅವನು ಸತ್ತೇ ಇಲ್ಲ, ಯೂಟ್ಯೂಬಲ್ಲಿ ಐತಿ" ಅಂದ. ತುಪ್ಪ ನನ್ನ ಹೋಳಿಗೆ ದಾಟಿ ಪಲ್ಯದ ಮೇಲೆ ಹರಿಯಿತು. ಹಿರಿಯರು ಹುಡುಗನನ್ನು ಬೈದರು, ತುಪ್ಪಕ್ಕಲ್ಲ, ಅಭಿಪ್ರಾಯಕ್ಕೆ. ಆಮೇಲೆ ನನ್ನ ಕಡೆ ತಿರುಗಿ, "ಏನೇ ಹೇಳಿ, ಸತ್ತಿದ್ದರಿಂದಲೇ ಅವನಿಗೆ ಹೆಸರು ಬಂದದ್ದು. ಬದುಕಿದ್ದರೆ ಯಾರು ಕೇಳ್ತಿದ್ದರು?" ಅಂದರು.

ಮಜ್ಜಿಗೆಗೆ ಕಾಯದೆ ಎದ್ದುಬಂದೆ. ಹೆಂಡತಿ ಇನ್ನೂ ಅದನ್ನು ಎತ್ತಿ ಆಡುತ್ತಾಳೆ.

ಆ ಮಾತಿಗೆ ಅಲ್ಲಿ ಉತ್ತರ ಕೊಡಲಿಲ್ಲ, ಇಲ್ಲಿ ಕೊಡುತ್ತೇನೆ. ಚಿಕ್ಕ ವಯಸ್ಸಿಗೆ ಸತ್ತ ನಟರು ಬೇಕಾದಷ್ಟಿದ್ದಾರೆ. ಅವರೆಲ್ಲರ ಫೋಟೋ ನನ್ನ ಗೋಡೆ ಮೇಲಿಲ್ಲ. ನಮ್ಮ ಶಂಕರ್‌ನಾಗ್‌ರನ್ನೇ ತಗೊಳ್ಳಿ. 1990ರ ಸೆಪ್ಟೆಂಬರ್ 30ರಂದು ಇಲ್ಲೇ, ನಮ್ಮೂರ ಹತ್ತಿರದ ಆನಗೋಡಿನಲ್ಲಿ ಅಪಘಾತವಾಯಿತು. 35 ವರ್ಷ. ಈಗಲೂ ಬಸ್ಸು ಆನಗೋಡು ದಾಟುವಾಗ ಯಾರೋ ಒಬ್ಬರು "ಇಲ್ಲೇ" ಅಂತಾರೆ. ಆದರೆ ಮಾತು ಅಲ್ಲಿ ನಿಲ್ಲುವುದಿಲ್ಲ. ಮಾಲ್ಗುಡಿ, ಬೆಂಗಳೂರಿಗೆ ಮೆಟ್ರೋ ಬೇಕು ಅಂತ ಆಗಲೇ ಓಡಾಡಿದ್ದು, ಆಟೋ ರಾಜ, ಆಟೋ ನಿಲ್ದಾಣಗಳಿಗೆ ಅವರ ಹೆಸರು, ಹೀಗೆ ಹರಿಹರ ಬರುವ ತನಕ ನಡೆಯುತ್ತೆ. ಅವರು ಮಾಡಿದ್ದು ಏನು ಅಂತ ನಮಗೆ ಗೊತ್ತು, ಅದಕ್ಕೆ. ಬ್ರೂಸ್ ಲೀ ಏನು ಮಾಡಿದ ಅಂತ ನಮಗೆ ಗೊತ್ತಿಲ್ಲ. ಸಾವು ಒಂದೇ ಗೊತ್ತು, ಅದನ್ನೇ ಕೆದಕುತ್ತೇವೆ.

ಶಂಕರ್‌ನಾಗ್ ಹೆಸರು ಸುಮ್ನೆ ತರಲಿಲ್ಲ. ಅವರನ್ನು ಜನ ಕರೆದದ್ದು "ಕರಾಟೆ ಕಿಂಗ್" ಅಂತ. ಅವರು ಕ್ರಮವಾಗಿ ಕರಾಟೆ ಕಲಿತವರೇ ಅಲ್ಲ! ಆದರೂ ಆ ಕಾಲದ ಕನ್ನಡ ಹೀರೋ ಕೈಕಾಲು ಎತ್ತಿ ಹೊಡೆದರೆ ಅದು ಕರಾಟೆ. ಹಾಂಗ್‌ಕಾಂಗ್‌ನಲ್ಲಿ ಎದ್ದ ಅಲೆ ಗಾಂಧಿನಗರದ ತನಕ ಬಂದಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇಲ್ಲಿಗೆ ಬಂತು ನೋಡಿ, ನನ್ನನ್ನು ಯಾರೂ ಕೇಳದ ಪ್ರಶ್ನೆ. ಬ್ರೂಸ್ ಲೀ ಕರಾಟೆಯವನೇ ಅಲ್ಲ. ಕರಾಟೆ ಜಪಾನಿನ ಒಕಿನಾವಾದ್ದು. ಅವನು ಹುಡುಗನಾಗಿದ್ದಾಗ ಹಾಂಗ್‌ಕಾಂಗ್‌ನಲ್ಲಿ ಇಪ್ ಮ್ಯಾನ್ ಹತ್ತಿರ ಕಲಿತದ್ದು ವಿಂಗ್ ಚುನ್, ಚೀನಾದ ಕುಂಗ್‌ಫು. ಸಾಲದ್ದಕ್ಕೆ, 1972ರ 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ಅವನು ಶಾಂಘೈನ ಒಂದು ಜಪಾನಿ ಶಾಲೆಗೆ ಒಬ್ಬನೇ ನುಗ್ಗಿ ಅಲ್ಲಿದ್ದ ಎಲ್ಲರಿಗೂ ಬಾರಿಸುತ್ತಾನೆ. ಚೀನೀಯರು ರೋಗಿಷ್ಠರು ಅಂತ ಬರೆದ ಫಲಕವನ್ನು ಒಡೆದು, ಆ ಕಾಗದವನ್ನು ಹರಿದು ಇಬ್ಬರ ಬಾಯಿಗೆ ತುರುಕುತ್ತಾನೆ. ಅದೇ ವರ್ಷದ 'ವೇ ಆಫ್ ದ ಡ್ರ್ಯಾಗನ್'ನಲ್ಲಿ ಅಮೆರಿಕದ ಕರಾಟೆ ಚಾಂಪಿಯನ್ ಚಕ್ ನಾರಿಸ್‌ನನ್ನು ರೋಮ್‌ನ ಕೊಲೋಸಿಯಂನಲ್ಲಿ ಹೊಡೆದು ಸಾಯಿಸುತ್ತಾನೆ. ಅಂದರೆ ನಾವು ಕರಾಟೆ ಮಾಸ್ಟರುಗಳು ಇಷ್ಟು ವರ್ಷ ಗೋಡೆಗೆ ನೇತುಹಾಕಿರುವುದು ಕರಾಟೆಯವರಿಗೆ ಬಾರಿಸಿದವನ ಫೋಟೋ! ಬೇಕರಿಯಲ್ಲಿ ಶುಗರ್ ಡಾಕ್ಟರ ಫೋಟೋ ಹಾಕಿದ ಹಾಗೆ. ಇಷ್ಟು ಜನ ಬಂದುಹೋದರು, ಒಬ್ಬರಾದರೂ "ಇವನ ಫೋಟೋ ಇಲ್ಲಿ ಯಾಕೆ?" ಅಂತ ಕೇಳಿದರಾ? ಇಲ್ಲ. ಸತ್ತಿದ್ದು ಹೆಂಗೆ, ಅದೇ ಬೇಕು.

ಕೇಳದಿದ್ದರೂ ಹೇಳುತ್ತೇನೆ.

1959ರಲ್ಲಿ ಅಪ್ಪ ಅಮ್ಮ ಅವನನ್ನು ಅಮೆರಿಕಕ್ಕೆ ಕಳಿಸಿದರು. ಹಾಂಗ್‌ಕಾಂಗ್‌ನಲ್ಲಿ ಬೀದಿ ಜಗಳ ಜಾಸ್ತಿಯಾಗಿತ್ತು. ಹುಟ್ಟಿದ್ದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ, 1940ರಲ್ಲಿ, ಅಪ್ಪನ ನಾಟಕ ಕಂಪನಿ ಅಲ್ಲಿ ಕ್ಯಾಂಪು ಹಾಕಿದ್ದಾಗ. ಹಾಗಾಗಿ ಪೌರತ್ವಕ್ಕೆ ತೊಂದರೆ ಇರಲಿಲ್ಲ. ಸಿಯಾಟಲ್‌ನಲ್ಲಿ ರೂಬಿ ಚೌ ಅನ್ನುವವರ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ, ಅಲ್ಲೇ ಮೇಲೊಂದು ಪುಟ್ಟ ರೂಮು. ಅಲ್ಲಿ ಅವನ ಮೊದಲ ಶಿಷ್ಯ ಯಾರು ಗೊತ್ತಾ? ಜೆಸ್ಸಿ ಗ್ಲೋವರ್, ಒಬ್ಬ ಕಪ್ಪು ಹುಡುಗ, ಜೂಡೋ ಆಡುತ್ತಿದ್ದವನು. ಹೊರಗಿನವರಿಗೆ ಕುಂಗ್‌ಫು ಹೇಳಿಕೊಡಲು ಚೀನೀ ಹಿರಿಯರು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಗ್ಲೋವರ್ ಹಿಂದೆ ಇನ್ನಷ್ಟು ಜನ ಬಂದರು. ಪಾರ್ಕಿಂಗ್ ಜಾಗ, ಹಿತ್ತಲು, ಎಲ್ಲಿ ಸಿಕ್ಕಿದರೆ ಅಲ್ಲಿ ಅಭ್ಯಾಸ. ಅವರಲ್ಲಿ ಟಾಕಿ ಕಿಮುರಾ ಅಂತ ಒಬ್ಬರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ತನ್ನದೇ ಜಪಾನಿ ಮೂಲದ ಪ್ರಜೆಗಳನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತಲ್ಲ, ಆ ಶಿಬಿರ ಕಂಡು ಬಂದವರು. ಕಿರಾಣಿ ಅಂಗಡಿ ನಡೆಸುತ್ತಿದ್ದರು. ಗುರುವಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರು. ತಲೆ ಎತ್ತಿ ನಡೆಯುವ ಧೈರ್ಯವನ್ನೇ ಕಳೆದುಕೊಂಡಿದ್ದೆ, ಅದು ಈ ಹುಡುಗನಿಂದ ವಾಪಸ್ ಬಂತು ಅಂತ ಹೇಳಿಕೊಂಡಿದ್ದಾರೆ. ಬ್ರೂಸ್ ಲೀ ಸತ್ತ ಮೇಲೆ ಸಿಯಾಟಲ್‌ನ ಅವನ ಸಮಾಧಿಯನ್ನು ದಶಕಗಟ್ಟಲೆ ನೋಡಿಕೊಂಡವರು ಇವರೇ.

ಸಿನಿಮಾದಲ್ಲಿ ಜಪಾನಿಯರಿಗೆ ಬಾರಿಸಿದವನ ಆಪ್ತ ಶಿಷ್ಯ ಜಪಾನಿ ಮೂಲದವರು. ಇದನ್ನು ಪಂಕ್ತಿಯಲ್ಲಿ ಹೇಳಿದರೆ ಯಾರಿಗೆ ರುಚಿಸುತ್ತೆ?

ಹೊರಗಿನವರಿಗೆ ಕಲಿಸಿದ್ದಕ್ಕೇ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ವಾಂಗ್ ಜ್ಯಾಕ್ ಮ್ಯಾನ್ ಅನ್ನುವ ಕುಂಗ್‌ಫು ಮಾಸ್ಟರ್ ಸವಾಲು ಹಾಕಿ ಜಗಳಕ್ಕೆ ಬಂದ ಅಂತ ಬ್ರೂಸ್ ಲೀ ಹೆಂಡತಿ ಲಿಂಡಾ ಹೇಳುತ್ತಾರೆ. ಕಾರಣ ಬೇರೆ ಅನ್ನುವವರೂ ಇದ್ದಾರೆ. ಯಾರು ಗೆದ್ದರು ಅನ್ನುವುದಕ್ಕೂ ಎರಡು ಕಥೆ ಇದೆ, ನಾನು ಆ ಪಂಚಾಯಿತಿಗೆ ಹೋಗುವುದಿಲ್ಲ. ನನಗೆ ಮುಖ್ಯ ಆಮೇಲಿನದು. ಲಿಂಡಾ ಹೇಳುವಂತೆ ಅವನು ಗೆದ್ದು, ಗೆದ್ದ ಮೇಲೆ ಬೇಜಾರಾಗಿ ಕೂತಿದ್ದ. ಇಷ್ಟು ಹೊತ್ತು ಯಾಕೆ ಹಿಡಿಯಿತು, ಉಸಿರು ಯಾಕೆ ಕಟ್ಟಿತು ಅಂತ. ಅಲ್ಲಿಂದ ತಾನು ಕಲಿತದ್ದನ್ನೇ ಬಿಚ್ಚಿ ನೋಡಲು ಶುರುಮಾಡಿದ. ಬಾಕ್ಸಿಂಗ್‌ನಿಂದ ಕಾಲಿನ ಚಲನೆ ತಗೊಂಡ, ಕತ್ತಿವರಸೆಯಿಂದ ಎದುರಾಳಿಗೂ ತನಗೂ ಇರಬೇಕಾದ ದೂರದ ಅಳತೆ ತಗೊಂಡ. 1967ರಲ್ಲಿ ಅದಕ್ಕೆ ಜೀತ್ ಕುನ್ ಡೊ ಅಂತ ಹೆಸರಿಟ್ಟ. 1970ರಲ್ಲಿ ಭಾರ ಎತ್ತುವಾಗ ಬೆನ್ನಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಇನ್ನು ಕಾಲೆತ್ತಿ ಒದೆಯೋದು ಕಷ್ಟ ಅಂತ ಡಾಕ್ಟರು ಹೇಳಿದ್ದರಂತೆ. ಆಗ ಮಲಗಿಕೊಂಡು ಓದಿದವರಲ್ಲಿ ಜಿಡ್ಡು ಕೃಷ್ಣಮೂರ್ತಿಯವರೂ ಒಬ್ಬರು. ಪಕ್ಕದ ಮದನಪಲ್ಲಿಯಲ್ಲಿ ಹುಟ್ಟಿದವರು. ತಮಗಾಗಿ ಕಟ್ಟಿದ ಸಂಘವನ್ನು 1929ರಲ್ಲಿ ತಾವೇ ಬರಖಾಸ್ತು ಮಾಡಿದವರು. ಯಾವ ಶೈಲಿಗೂ ಕಟ್ಟುಬೀಳಬೇಡಿ ಅಂತ ಅವನು ಬರೆದಿಟ್ಟ ಟಿಪ್ಪಣಿಗಳಲ್ಲಿ ಅವರ ನೆರಳು ಕಾಣುತ್ತೆ.

ಇನ್ನೊಂದು ವಿಷಯ. 1971ರ ಆರಂಭದಲ್ಲಿ ಅವನು ಭಾರತಕ್ಕೇ ಬಂದಿದ್ದ. ವಾರ್ನರ್ ಬ್ರದರ್ಸ್ ಕಂಪನಿಯ ದುಡ್ಡು ನಮ್ಮ ದೇಶದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹೊರಗೆ ಒಯ್ಯುವ ಹಾಗಿಲ್ಲ, ಇಲ್ಲೇ ಖರ್ಚು ಮಾಡಬೇಕು. ಹಾಗಾಗಿ ನಟ ಜೇಮ್ಸ್ ಕೋಬರ್ನ್, ಬರಹಗಾರ ಸ್ಟರ್ಲಿಂಗ್ ಸಿಲಿಫ್ಯಾಂಟ್ ಜೊತೆ ಶೂಟಿಂಗ್‌ಗೆ ಜಾಗ ಹುಡುಕುತ್ತಾ ರಾಜಸ್ಥಾನದ ಮರಳುಗಾಡಿನಿಂದ ಗೋವಾ ತನಕ ಸುತ್ತಿದರು. ಕೋಬರ್ನ್‌ಗೆ ಯಾವ ಜಾಗವೂ ಒಪ್ಪಿಗೆಯಾಗಲಿಲ್ಲ. ಸಿನಿಮಾ ಅಲ್ಲಿಗೇ ನಿಂತಿತು. ಗೋವಾಕ್ಕೆ ಬಂದವನು ಒಂದು ರಾತ್ರಿ ಬಸ್ಸು ಹತ್ತಿದ್ದರೆ ಬೆಳಗ್ಗೆ ನಮ್ಮೂರಲ್ಲಿ ಬೆಣ್ಣೆದೋಸೆ ತಿನ್ನಬಹುದಿತ್ತು. ಅವನಿಗೆ ಆಗ ಕೈಯಲ್ಲಿ ಕೆಲಸ ಇರಲಿಲ್ಲ, ದುಡ್ಡೂ ಇರಲಿಲ್ಲ. ಹಾಲಿವುಡ್‌ನಲ್ಲಿ ಅದಕ್ಕೆ ಮೊದಲು ಸಿಕ್ಕಿದ ದೊಡ್ಡ ಪಾತ್ರ ಅಂದರೆ ಟೀವಿ ಸೀರಿಯಲ್ ಒಂದರಲ್ಲಿ ಮುಖಕ್ಕೆ ಮುಸುಕು ಹಾಕಿಕೊಂಡ ಡ್ರೈವರ್‌ದು. ಅದೇ ವರ್ಷ ಹಾಂಗ್‌ಕಾಂಗ್ ಕಂಪನಿಯೊಂದಕ್ಕೆ 'ಬಿಗ್ ಬಾಸ್' ಅನ್ನುವ ಸಿನಿಮಾ ಮಾಡಿದ. ಅದು ತೆರೆ ಕಂಡಲ್ಲಿಂದ ಸಾಯುವ ತನಕ ಎರಡು ವರ್ಷ ಕೂಡ ಪೂರ್ತಿ ಸಿಗಲಿಲ್ಲ. ಜಗತ್ತು ನೆನಪಿಟ್ಟುಕೊಂಡಿರುವ ಸಿನಿಮಾಗಳೆಲ್ಲ ಆ ಅವಧಿಯವೇ. 'ಎಂಟರ್ ದ ಡ್ರ್ಯಾಗನ್' ತೆರೆ ಕಂಡಿದ್ದು ಅವನು ಸತ್ತ ಮರುತಿಂಗಳು.

ಆಮೇಲೆ ಅವನನ್ನು ಯಾರು ಯಾರು ತಮ್ಮವನು ಅಂದುಕೊಂಡರು ನೋಡಿ. ಅಮೆರಿಕದ ದೊಡ್ಡ ಊರುಗಳಲ್ಲಿ ಕಪ್ಪು ಜನರ ಬಡಾವಣೆಗಳ ಥಿಯೇಟರುಗಳು ತುಂಬಿದವು. ಅಲ್ಲಿ ಕುಂಗ್‌ಫು ಸಿನಿಮಾ ನೋಡಿ ಬೆಳೆದ ಹುಡುಗರೇ ಮುಂದೆ ವೂ-ಟ್ಯಾಂಗ್ ಕ್ಲ್ಯಾನ್ ಅಂತ ರ‍್ಯಾಪ್ ತಂಡ ಕಟ್ಟಿದರು. 2019ರ ಪ್ರತಿಭಟನೆಯಲ್ಲಿ ಹಾಂಗ್‌ಕಾಂಗ್ ಹುಡುಗರು ಪೊಲೀಸರ ಎದುರು ಒಂದು ಕಡೆ ನಿಲ್ಲದೆ ಹರಿದಾಡಿದಾಗ ಬಾಯಲ್ಲಿದ್ದದ್ದು ಅದೇ ನೀರಿನ ಮಾತು.

ನನಗೆ ತುಂಬಾ ಇಷ್ಟವಾದದ್ದು ಮೋಸ್ಟಾರ್. ಬೋಸ್ನಿಯಾದ ಊರು. 1990ರ ದಶಕದ ಯುದ್ಧದಲ್ಲಿ ಒಂದೇ ಊರಿನವರು ಒಬ್ಬರನ್ನೊಬ್ಬರು ಕೊಂದುಕೊಂಡರು. ಊರ ಹಳೇ ಕಲ್ಲಿನ ಸೇತುವೆಯನ್ನೇ 1993ರಲ್ಲಿ ಉರುಳಿಸಿದರು. ಯುದ್ಧ ಮುಗಿದ ಮೇಲೆ ಒಂದು ಪ್ರತಿಮೆ ಇಡೋಣ ಅಂತ ಕೆಲವರು ಹೊರಟರು. ಯಾರದ್ದು? ಒಬ್ಬರ ವೀರ ಇನ್ನೊಬ್ಬರ ಕೊಲೆಗಾರ. ಕವಿ ಬೇಡ, ಸಂತ ಬೇಡ, ರಾಜ ಬೇಡ. ಎಲ್ಲರೂ ಚಿಕ್ಕವರಿದ್ದಾಗ ಇಷ್ಟಪಟ್ಟ ಒಬ್ಬನೇ ಸಿಕ್ಕಿದ. 2005ರ ನವೆಂಬರ್ 26ರಂದು ಉದ್ಯಾನದಲ್ಲಿ ಬ್ರೂಸ್ ಲೀಯ ಕಂಚಿನ ಪ್ರತಿಮೆ ನಿಂತಿತು. ಹಾಂಗ್‌ಕಾಂಗ್‌ನಲ್ಲಿ ಅವನ ಪ್ರತಿಮೆ ಎದ್ದದ್ದು ಅದರ ಮರುದಿನ. ಮೋಸ್ಟಾರ್‌ನವರು ಅದರ ಮುಖವನ್ನು ಉತ್ತರಕ್ಕೆ ತಿರುಗಿಸಿದರು. ಊರಿನ ಪೂರ್ವಕ್ಕೆ ಒಂದು ಗುಂಪು, ಪಶ್ಚಿಮಕ್ಕೆ ಇನ್ನೊಂದು ಗುಂಪು. ಯಾರ ಕಡೆಗೂ ಕೈ ಎತ್ತಿದ ಹಾಗೆ ಕಾಣಬಾರದು ಅಂತ! ಕಿಡಿಗೇಡಿಗಳು ಬೇಗನೇ ಅದನ್ನು ಹಾಳುಮಾಡಿದರು. ತೆಗೆದು, ರಿಪೇರಿ ಮಾಡಿ, 2013ರಲ್ಲಿ ಮತ್ತೆ ನಿಲ್ಲಿಸಿದರು. 2024ರಲ್ಲಿ ಯಾರೋ ಕದ್ದೇ ಒಯ್ದರು. ಪ್ರತಿಮೆ ಊರನ್ನು ಸರಿಮಾಡಿತು ಅಂತ ನಾನು ಹೇಳುತ್ತಿಲ್ಲ. ಸತ್ತದ್ದಕ್ಕೆ ಹೆಸರು ಬಂತು ಅಂದರಲ್ಲ ಆ ಹಿರಿಯರು, ಅವರು ಮೋಸ್ಟಾರ್‌ಗೆ ಹೋಗಿ ಹಾಗಂತ ಹೇಳಿ ಬರಲಿ.

ಮತ್ತೆ ನನ್ನ ಗೋಡೆಯ ಫೋಟೋ? ಕೊಲೋಸಿಯಂ ಫೈಟಿನ ಕೊನೆ ನೋಡಿ. ನಾರಿಸ್ ಸತ್ತು ಬಿದ್ದಿದ್ದಾನೆ. ಬ್ರೂಸ್ ಲೀ ಹೋಗಿ ಅವನ ಕರಾಟೆ ಅಂಗಿ ತರುತ್ತಾನೆ. ಮೈ ಮೇಲೆ ಹೊದಿಸುತ್ತಾನೆ. ಅದರ ಮೇಲೆ ಬ್ಲ್ಯಾಕ್ ಬೆಲ್ಟ್ ಇಡುತ್ತಾನೆ. ಪಕ್ಕದಲ್ಲಿ ಮಂಡಿಯೂರಿ ಕೂರುತ್ತಾನೆ. ಅವನೇ ಬರೆದು ಅವನೇ ನಿರ್ದೇಶಿಸಿದ ಸಿನಿಮಾ, ಬೇಡ ಅಂದಿದ್ದರೆ ಬಿಡಬಹುದಿತ್ತು. ಎದುರಾಳಿಯ ಬೆಲ್ಟಿಗೆ ಇಷ್ಟು ಮರ್ಯಾದೆ ಕೊಟ್ಟವನ ಫೋಟೋ ಕರಾಟೆ ಕ್ಲಾಸಿನಲ್ಲಿ ಇರಬಾರದಾ?

ಹೋದ ಮಳೆಗಾಲದಲ್ಲಿ ಒಂದು ಸಂಜೆ ಹಾಲ್‌ನ ಚಾವಣಿ ಸೋರುತ್ತಿತ್ತು. ಅಭ್ಯಾಸ ಆಗುವ ಹಾಗಿರಲಿಲ್ಲ. ಲ್ಯಾಪ್‌ಟಾಪ್ ಇಟ್ಟು ಮಕ್ಕಳಿಗೆ ಅದೇ ಸಿನಿಮಾ ಹಾಕಿದೆ. ಮಗಳನ್ನು ಕರೆದೊಯ್ಯಲು ಬಂದ ಆಟೋದವರೊಬ್ಬರು ಬಾಗಿಲಲ್ಲಿ ಒದ್ದೆ ಅಂಗಿಯಲ್ಲಿ ನಿಂತು ನೋಡತೊಡಗಿದರು. ಶುರುವಿನ ಸೀನು. ಹಳ್ಳಿಯಿಂದ ಬಂದ ಹೀರೋ ರೋಮ್ ಏರ್‌ಪೋರ್ಟಿನ ಹೋಟೆಲಲ್ಲಿ ಕೂತಿದ್ದಾನೆ. ಮೆನು ಓದಲು ಬರುವುದಿಲ್ಲ, ಕೇಳಲು ನಾಚಿಕೆ. ಗೊತ್ತಿರುವವನ ಹಾಗೆ ಅಲ್ಲಿ ಇಲ್ಲಿ ಬೆರಳಿಟ್ಟು ತೋರಿಸುತ್ತಾನೆ. ಬಟ್ಟಲು ಬಟ್ಟಲು ಸೂಪು ಬರುತ್ತೆ. ಬರೀ ಸೂಪು. ಮರ್ಯಾದೆ ಉಳಿಸಿಕೊಳ್ಳಲು ಎಲ್ಲವನ್ನೂ ಕುಡಿಯುತ್ತಾನೆ.

ಮಕ್ಕಳಿಗಿಂತ ಜೋರಾಗಿ ನಕ್ಕಿದ್ದು ಬಾಗಿಲಲ್ಲಿದ್ದ ಅಪ್ಪ.

"ಇದು ಕನ್ನಡದಲ್ಲಿ ಬಂದಿಲ್ವಾ ಮಾಸ್ಟ್ರೇ?" ಅಂದರು.

ಇಲ್ಲ ಅಂದೆ. ನಮ್ಮಲ್ಲಿ ಆಗ ಡಬ್ಬಿಂಗ್‌ಗೆ ಅವಕಾಶ ಇರಲಿಲ್ಲ, ನಮ್ಮ ಅಣ್ಣಂದಿರೆಲ್ಲ ಇಂಗ್ಲಿಷ್ ಅರ್ಥವಾಗದೆಯೇ ಶಿಳ್ಳೆ ಹೊಡೆದು ನೋಡಿದವರು ಅಂತ ವಿವರಿಸಿದೆ. ಅವರು ಅರ್ಧ ಕೇಳಿಸಿಕೊಂಡರು. ಕಣ್ಣು ಪರದೆ ಮೇಲೇ ಇತ್ತು. ಆಟೋ ಹೊರಗೆ ನೆನೆಯುತ್ತಿತ್ತು, ಒಬ್ಬರು ಬಾಡಿಗೆಗೆ ಕೂಗಿದರು, ಅವರು ಹೋಗಲಿಲ್ಲ. ಕೊಲೋಸಿಯಂ ಮುಗಿಯುವ ತನಕ ನಿಂತರು. ಹೇಗೆ ಸತ್ತ ಅಂತ ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಅಂತ ನಾನು ಉತ್ತರ ರೆಡಿ ಮಾಡಿಕೊಂಡು ಕೂತಿದ್ದೆ.

"ಈ ತಿಂಗಳ ಫೀಸು ಹತ್ತನೇ ತಾರೀಕಿನ ಮೇಲೆ ಕೊಟ್ಟರೆ ನಡೆಯುತ್ತಾ ಮಾಸ್ಟ್ರೇ?" ಅಂದರು.

ನಡೆಯುತ್ತೆ ಅಂದೆ.